ಆಂಟಿಯ ಪಿಕಪ್

ಎದುರು ಮನೆಯವರು ತಮ್ಮ ಟ್ರಕ್ಕನ್ನು ಜ್ಯಾಕ್ ಮೇಲೆ ನಿಲ್ಲಿಸಿ ಮುಂದಿನ ಚಕ್ರ ಬಿಚ್ಚಿಕೊಂಡಿದ್ದಾರೆ. ಗ್ರೀಸಿನ ವಾಸನೆ ನಮ್ಮ ಬಾಗಿಲವರೆಗೂ ಬರುತ್ತಿದೆ. ಹೆಂಡತಿ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ನನಗೆ ಈ ವಾಸನೆ ಬಂದರೆ ಒಬ್ಬ ಅಂಕಲ್ ನೆನಪಾಗುತ್ತಾರೆ. ಆ ನೆನಪಿನಲ್ಲಿ ಸುಖವೇನೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದಲ್ಲಿ ನಾವು ದೇಶ ಬಿಟ್ಟು ಕ್ಯಾರಿ ಎಂಬ ಊರಿಗೆ ಬಂದಾಗ ಅವರು ಪಕ್ಕದ ಮನೆಯಲ್ಲಿದ್ದರು. ಮೈಸೂರಿನವರು, ವಿಜ್ಞಾನಿ, ಬಂದು ಕಾಲು ಶತಮಾನವಾಗಿತ್ತು. ನಮ್ಮವರೆಲ್ಲ ಮರ್ಯಾದಸ್ಥ ಕಾರು ಕೊಂಡರೆ ಇವರ ಮನೆಯಲ್ಲಿ ಪಿಕಪ್ ಟ್ರಕ್ಕು. ಅದಕ್ಕೆ ಸಾರಥಿ ಆಂಟಿ. ಟೊಮೇಟೊ ಗಿಡಕ್ಕೆ ಗೊಬ್ಬರ ತರುವುದಿರಲಿ, ರೇಷ್ಮೆ ಸೀರೆಯುಟ್ಟು ಗಂಟೆಗಟ್ಟಲೆ ದೂರದ ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಹೋಗುವುದಿರಲಿ, ಸ್ಟಿಯರಿಂಗ್ ಬಿಟ್ಟುಕೊಡುತ್ತಿರಲಿಲ್ಲ. ನಮ್ಮ ಮಂಚವೂ ಅದರಲ್ಲೇ ಬಂದದ್ದು. ನಾನಾಗ ಗಾಡಿಯನ್ನು ರಿವರ್ಸ್ ತೆಗೆಯಲೂ ಬೆವರುವ ಧೀರ.

ಒಂದು ದಿನ ಅಂಗಡಿಯಿಂದ ಬರುವಾಗ ಆಂಟಿ ರಸ್ತೆ ನಡುವಿನ ಕಟ್ಟೆಗೆ ಗುದ್ದಿದರು. ಹೇಗಾಯಿತೆಂದು ಅವರಿಗೇ ನೆನಪಿರಲಿಲ್ಲ. ಅವರ ಮಗಳು ಫೋನಿನಲ್ಲಿ, “ಅಮ್ಮ ಇನ್ನು ಡ್ರೈವ್ ಮಾಡೋದು ಬೇಡ, ಡ್ಯಾಡ್” ಎಂದಳಂತೆ. ಆ ಊರಿನಲ್ಲಿ ಗಾಡಿ ಬಿಟ್ಟರೆ ಮನೆಯೇ ಸೆರೆಮನೆ.

“ಅವಳದ್ದೇನೂ ತಪ್ಪಿಲ್ಲ ಕಣಯ್ಯ,” ಎಂದರು ಅಂಕಲ್. “ಚಕ್ರದ ಬಾಲ್ ಜಾಯಿಂಟ್ ಸವೆದು ಹೋಗಿತ್ತು, ಅದೇ ಗಾಡೀನ ಒಂದ್ಕಡೆ ಎಳ್ಕೊಂಡ್ ಹೋಗಿದೆ. ರಿಪೇರಿ ಮಾಡಿ ತೋರಿಸ್ತೀನಿ.”

ಎರಡು ವಾರಾಂತ್ಯ ಟ್ರಕ್ಕಿನ ಕೆಳಗೆ ಮಲಗಿದೆವು. ಅವರು ಕೇಳಿದ ಸ್ಪ್ಯಾನರ್ ಬಿಟ್ಟು ಬೇರೆಲ್ಲವನ್ನೂ ನಾನು ಕೊಡುತ್ತಿದ್ದೆ. ಚಕ್ರವನ್ನು ಹಿಡಿದಿಡುವ ಕಬ್ಬಿಣದ ತೋಳು ಬಿಚ್ಚಿಬಂದಾಗ ಇಬ್ಬರೂ ನೋಡಿದೆವು. ಜಾಯಿಂಟ್ ಸವೆದಿರಲಿಲ್ಲ, ತೋಳು ಗುದ್ದಿದ ಏಟಿಗೆ ಬಾಗಿತ್ತು, ಅಷ್ಟೆ. ಅವರು ಅದನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಮೂಲೆಗಿಟ್ಟರು. ನನಗೆ ಅಳು ಬಂದಂತಾಯಿತು. ತಲೆ ತಗ್ಗಿಸಿ ನಟ್ಟುಗಳನ್ನು ಆಯತೊಡಗಿದೆ.

ಹೊಸ ಭಾಗಗಳನ್ನು ಹಾಕಿ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದ ಮೇಲೆ ಆಂಟಿಯನ್ನು ಕರೆದರು. ಮುಂದಿನ ಒಂದೇ ಉದ್ದ ಸೀಟಿನಲ್ಲಿ ಮೂವರೂ ಕೂತೆವು, ಆಂಟಿ ಸ್ಟಿಯರಿಂಗ್ ಹಿಂದೆ, ಅಂಕಲ್ ನಡುವೆ. ಬೀದಿ ಖಾಲಿಯಿತ್ತು. ಗಾಡಿ ನೂಲು ಹಿಡಿದಷ್ಟು ನೆಟ್ಟಗೆ ಹೋಯಿತು.

“ನೋಡಿದ್ಯಾ?” ಎಂದು ಅಂಕಲ್ ನನ್ನ ಕಡೆ ತಿರುಗಿದರು.

ನೋಡುತ್ತಿದ್ದೆ. ಬಲಬದಿಯಲ್ಲೇ ಹೋಗಬೇಕಾದ ಆ ದೇಶದಲ್ಲಿ ಆಂಟಿ ರಸ್ತೆಯ ಎಡಬದಿಯಲ್ಲಿ, ಮೈಸೂರಿನಲ್ಲಿ ಹೋಗುವಂತೆ, ನಿಶ್ಚಿಂತೆಯಿಂದ ಓಡಿಸುತ್ತಿದ್ದರು. ಎದುರಿನಿಂದ ಬಂದ ಕಾರು ಹಾರ್ನ್ ಹೊಡೆಯಿತು. “ಈ ಜನಕ್ಕೆ ಡ್ರೈವಿಂಗೇ ಬರಲ್ಲ,” ಎಂದು ಆಂಟಿ ನಕ್ಕರು.

ಅಂಕಲ್ ಕೈಚಾಚಿ ಸ್ಟಿಯರಿಂಗನ್ನು ಮೆಲ್ಲನೆ ಬಲಕ್ಕೆ ತಿರುಗಿಸಿದರು. “ನಿಲ್ಸು ಲಲಿತಾ, ನಾನು ಓಡಿಸ್ತೀನಿ.”

“ಯಾಕ್ರೀ, ಇನ್ನೂ ಎಳೀತಿದ್ಯಾ?”

“ಹ್ಞೂಂ,” ಎಂದರು. “ಇನ್ನೂ ಸ್ವಲ್ಪ ಎಳೀತಿದೆ.”

ಆಂಟಿ ಮತ್ತೆ ಓಡಿಸಲಿಲ್ಲ. ವಿಜ್ಞಾನಿಯೊಬ್ಬರು ಕಣ್ಣಾರೆ ಕಂಡದ್ದನ್ನು ಹೀಗೆ ಅಲ್ಲಗಳೆಯಬಹುದೇ ಎಂದು ಬಹುಕಾಲ ನನಗೆ ಬೇಸರವಿತ್ತು.

ಈಗ ನನಗೂ ಅವರ ಆಗಿನ ವಯಸ್ಸು. ಹೋದ ವಾರ ನಮ್ಮ ಅಡುಗೆಮನೆಯ ಒಲೆ, ಅಡುಗೆ ಮುಗಿದು ಎಷ್ಟೋ ಹೊತ್ತಾದರೂ, ಮತ್ತೆ ಹಾಗೇ ಉರಿಯುತ್ತಿತ್ತು. “ಆಫ್ ಮಾಡಿದ್ನಲ್ರೀ!” ಎಂದು ಹೆಂಡತಿ ಗಾಬರಿಯಾದಳು. “ನಾಬ್ ಲೂಸಾಗಿದೆ ಕಣೇ,” ಎಂದೆ.

ನಾಬ್ ಗಟ್ಟಿಯಾಗಿಯೇ ಇದೆ. ಹೊಸದನ್ನು ತರಿಸಿದ್ದೇನೆ, ನಾಳೆ ಹಾಕಬೇಕು.