ಅತ್ತೆ ಕಲಸುವ ಬಿಳಿ ಪುಡಿ

ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂಬುದು ನಮ್ಮತ್ತೆಯ ಶಾಸ್ತ್ರ. ನೆನೆಸಿಕೊಂಡವರ ಹೆಸರು ಸರಿಯಾಗಿ ಹೇಳಿದರೆ ನಿಲ್ಲುತ್ತದಂತೆ. ಹೆರಿಗೆಯಾಗಿ ಮಗಳನ್ನು ಹೈದರಾಬಾದಿನ ದಿಲ್‌ಸುಖ್‌ನಗರದ ಮನೆಗೆ ತಂದಾಗಿನಿಂದ ಅವಳಿಗೆ ಬಿಕ್ಕಳಿಕೆಯೋ ಬಿಕ್ಕಳಿಕೆ. ಅತ್ತೆ ತೊಟ್ಟಿಲ ಪಕ್ಕ ಕೂತು ಕಲಬುರಗಿಯ ಬಂಧುಬಳಗವನ್ನೆಲ್ಲ ಹೆಸರಿಸಿದರು, ಸತ್ತವರನ್ನೂ ಬಿಡಲಿಲ್ಲ. ನನಗೆ ನಗು. ಕೂಸು ಹಾಲು ಬಿಟ್ಟು, ಎಷ್ಟು ಎಬ್ಬಿಸಿದರೂ ಕಣ್ಣು ತೆರೆಯದೆ ಒದ್ದೆ ಬಟ್ಟೆಯಂತೆ ಜೋತುಬಿದ್ದಾಗ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು.

ಆಸ್ಪತ್ರೆಯಲ್ಲಿ ಸೋಂಕಿರಬಹುದೆಂದು ಔಷಧಿ ಕೊಟ್ಟರು, ಗುಣವಾಗಲಿಲ್ಲ. ಮಕ್ಕಳ ಡಾಕ್ಟರಮ್ಮ ಬೇರೇನಾದರೂ ಗಮನಿಸಿದ್ದೀರಾ ಎಂದು ಕೇಳಿದರು. ನಾನು ಇಲ್ಲವೆಂದೆ. ಅತ್ತೆ ಮುಂದೆ ಬಂದು, ತಮ್ಮ ಹೈದರಾಬಾದಿ ಹಿಂದಿಯಲ್ಲಿ, ಈ ಕೂಸನ್ನು ಯಾರೋ ಬಿಡದೆ ನೆನೆಸಿಕೊಳ್ಳುತ್ತಿದ್ದಾರೆ, ಹೆಸರು ಹೇಳಿ ಹೇಳಿ ನನ್ನ ಬಾಯಿ ನೋಯಿತು ಎಂದರು. ನನಗೆ ನಾಚಿಕೆ. ಡಾಕ್ಟರಮ್ಮ ಮಾತ್ರ ನಗಲಿಲ್ಲ. ಹೊಟ್ಟೆಯಲ್ಲಿದ್ದಾಗಲೂ ಬಿಕ್ಕಳಿಸುತ್ತಿತ್ತೇ ಎಂದು ನನ್ನನ್ನು ಕೇಳಿದರು. ಹೌದು, ಕೂಸು ಕುಣಿಯುತ್ತಿದೆ ಎಂದುಕೊಂಡಿದ್ದೆ. ಅಂದೇ ರಕ್ತವನ್ನೂ ಬೆನ್ನುಹುರಿಯ ನೀರನ್ನೂ ಪರೀಕ್ಷೆಗೆ ಕಳಿಸಿದರು.

ಎರಡರಲ್ಲೂ ಗ್ಲೈಸಿನ್ ಮಿತಿಮೀರಿತ್ತು. ಅದು ಅಮೈನೋ ಆಮ್ಲಗಳಲ್ಲೆಲ್ಲ ಚಿಕ್ಕದು, ಎಲ್ಲರ ಮೈಯಲ್ಲೂ ಇರುವಂಥದ್ದು. ಅದನ್ನು ಒಡೆಯುವ ಕಿಣ್ವ ನನ್ನ ಮಗಳಲ್ಲಿ ಅರೆಬರೆ ಕೆಲಸ ಮಾಡುತ್ತದೆ. ಒಡೆಯದೆ ಉಳಿದದ್ದು ಮಿದುಳಿಗೆ ಮಂಕು ಕವಿಸುತ್ತದೆ, ಹೊಟ್ಟೆಯಲ್ಲಿದ್ದಾಗಿನಿಂದಲೂ ಬಿಕ್ಕಳಿಕೆ ತರುವುದೂ ಅದೇ. ಕಿಣ್ವವನ್ನು ಸರಿಮಾಡುವ ಮದ್ದಿಲ್ಲ. ಹೆಚ್ಚಾದ ಗ್ಲೈಸಿನ್ ಮೂತ್ರದಲ್ಲಿ ಹೋಗುವಂತೆ ಮಾಡುವ ಪುಡಿಯಿದೆ, ಸೋಡಿಯಂ ಬೆಂಜೋಯೇಟ್. ಅಂಗಡಿಯ ಉಪ್ಪಿನಕಾಯಿ ಕೆಡದಿರಲಿ ಎಂದು ಹಾಕುವುದೂ ಅದನ್ನೇ. ಆ ಪುಡಿ ಇರುತ್ತದೆಂದೇ ಅತ್ತೆ ಜನ್ಮದಲ್ಲಿ ಅಂಗಡಿ ಉಪ್ಪಿನಕಾಯಿ ಮುಟ್ಟಿದವರಲ್ಲ. ಅವರಿಗೆ ಇದನ್ನು ಅಂಜುತ್ತಲೇ ಹೇಳಿದೆ.

"ಉಪ್ಪಿನಕಾಯಿಗೆ ಬ್ಯಾಡ ಅಂದಿದ್ದೆ, ಕೂಸಿಗೆ ಬ್ಯಾಡ ಅಂತೀನೇನು?" ಎಂದರು. "ತಾ ಇಲ್ಲೆ, ನಾನ ಕಲಸ್ತೀನಿ."

ಅಂದಿನಿಂದ ಕಲಸುವ ಕೈ ಅವರದೇ. ಮಗಳಿಗೀಗ ಐದು ವರ್ಷ. ನಡಿಗೆ ನಿಧಾನ, ಮಾತು ಕಡಿಮೆ. ಆದರೆ ಕಣ್ಣು ಬಿಟ್ಟು ಲೋಕ ನೋಡುತ್ತಾಳೆ, ನಗುತ್ತಾಳೆ, ಸಿಟ್ಟಂತೂ ಮೂಗಿನ ತುದಿಯಲ್ಲೇ. ದೇವರಿಗೂ ಡಾಕ್ಟರಮ್ಮನಿಗೂ ಎಷ್ಟು ಸಲ ಕೈಮುಗಿದಿದ್ದೇನೋ. ಅತ್ತೆಗೆ ಮುಗಿಯಹೋದರೆ ಬೈಸಿಕೊಳ್ಳಬೇಕು. ಮೊನ್ನೆ ಅವರು ಜ್ವರ ಬಂದು ಮಲಗಿದ್ದರಿಂದ ಪುಡಿಯನ್ನು ನಾನು ಕಲಸಿದೆ. ಮಗಳು ಬಾಯಿ ಬಿಗಿಹಿಡಿದಳು. ಬಟ್ಟಲನ್ನು ನನ್ನಿಂದ ಕಸಿದುಕೊಂಡು, ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು, ನಿಧಾನವಾಗಿ ಅಜ್ಜಿಯ ಮಂಚದವರೆಗೆ ನಡೆದಳು. ಅವರ ಕೈಗೆ ಅದನ್ನು ಕೊಟ್ಟು, ಬಾಯಿ ತೆರೆದು ನಿಂತಳು.