ನಮ್ಮವರು ರಂಜಕ ತಿರುವಿದ ರವಿವಾರ

ಕಳೆದ ರವಿವಾರ ನಮ್ಮ ಮನೆಯಲ್ಲಿ ಗಂಡಸರೊಬ್ಬರು ಗಳಗಳ ಅತ್ತರು.

ಗಾಬರಿಯಾಗಬೇಡಿ, ಕೆಟ್ಟ ಸುದ್ದಿಯೇನೂ ಅಲ್ಲ. ಅತ್ತವರು ನಮ್ಮ ಯಜಮಾನರು, ಅಳಿಸಿದ್ದು ಮೆಣಸಿನಕಾಯಿ. ಆದರೆ ಒಂದು ಕಡೆ ಮೂಗು ಒರೆಸಿಕೊಳ್ಳುತ್ತ, ಇನ್ನೊಂದು ಕಡೆ ಪಂಚವಾರ್ಷಿಕ ಯೋಜನೆಯನ್ನು ಹೊಗಳುತ್ತ ಅಳುವ ಗಂಡಸನ್ನು ನೀವೆಲ್ಲಿ ನೋಡಿದ್ದೀರಿ? ಗೋಕಾಕದ ನಮ್ಮ ಓಣಿಯ ಹೆಂಗಸರೆಲ್ಲ ನಿಂತು ನೋಡಿದರು.

ಮೊದಲಿನಿಂದ ಹೇಳುತ್ತೇನೆ.

ಹೋದ ತಿಂಗಳು ನಮ್ಮವರು ಯಾರದೋ ಮದುವೆ ಮಾತುಕತೆಗೆಂದು ಹುಕ್ಕೇರಿಗೆ ಹೋದರು. ಮಾತುಕತೆ ಮುರಿದುಬಿತ್ತು. ಬರಿಗೈಲಿ ಬರಬಾರದೆಂದೋ ಏನೋ, ಅಲ್ಲಿ ಹಳೆಯ ಬಂಗಲೆಯೊಂದರ ಸಾಮಾನು ಲಿಲಾವಿಗೆ ಬಂದದ್ದು ನೋಡಿ, ಸವಾಲು ಕೂಗಿ ಒಂದು ಕಬ್ಬಿಣದ ಕೈಮಶೀನು ಹೊತ್ತು ತಂದರು. ಅದನ್ನು ಟೇಬಲ್ಲಿನ ಅಂಚಿಗೆ ಸ್ಕ್ರೂ ಹಾಕಿ ಬಿಗಿಯಬೇಕು. ಮೇಲೆ ಒಂದು ಬಾಯಿ, ಹಿಂದೆ ಒಂದು ಹ್ಯಾಂಡಲ್. ಬಾಯಿಗೆ ಹಾಕಿ ತಿರುವಿದರೆ ಮುಂದಿನ ತೂತುಗಳಿಂದ ಅರೆದದ್ದು ಹೊರಗೆ ಬರುತ್ತದೆ. (ಬಂಗಲೆಯ ಬಿಳಿಯ ಸಾಹೇಬರು ಅದರಲ್ಲಿ ಏನು ಅರೆಯುತ್ತಿದ್ದರು ಎಂದು ಕೇಳಬೇಡಿ. ನಾನೂ ಕೇಳಿಲ್ಲ. ನಮ್ಮ ಅತ್ತೆಯ ಮುಂದಂತೂ ಪಿಟ್ಟೆನ್ನಬೇಡಿ. ಹುಣಸೆಹಣ್ಣು ಹಚ್ಚಿ, ಕುದಿಯುವ ನೀರು ಸುರಿದು ತಿಕ್ಕಿದ್ದೇನೆ.)

"ಇನ್ನ ಮ್ಯಾಲೆ ನಮ್ಮ ಮನ್ಯಾಗ ಕುಟ್ಟೂದು ಬಂದ್!" ಎಂದು ನಮ್ಮವರು ಜಾಹೀರು ಮಾಡಿದರು. "ದೇಶದ ತುಂಬ ಕಾರ್ಖಾನಿ ಏಳಾಕತ್ತಾವ, ಡ್ಯಾಮ್ ಕಟ್ಟಾಕತ್ತಾರ. ನಮ್ಮ ಮನ್ಯಾಗ ನೋಡಿದ್ರ ಇನ್ನೂ ಕಲ್ಲು!"

ಕಲ್ಲು ಅಂದರೆ ನಮ್ಮ ಪಡಸಾಲೆಯ ನೆಲದಲ್ಲಿ ಹೂತಿರುವ ಒಳ್ಳು, ಒನಕೆಯಿಂದ ಕುಟ್ಟುವ ಒರಳು. ಅತ್ತೆ ಮದುವೆಯಾಗಿ ಬಂದಾಗಲೂ ಅದು ಅಲ್ಲೇ ಇತ್ತಂತೆ. ಅಷ್ಟು ದೊಡ್ಡ ಒಳ್ಳು ಓಣಿಯಲ್ಲಿ ಬೇರೆ ಯಾರ ಮನೆಯಲ್ಲೂ ಇಲ್ಲ. ಹೀಗಾಗಿ ಓಣಿಯ ಖಾರ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎಲ್ಲ ನಮ್ಮ ಪಡಸಾಲೆಯಲ್ಲೇ ಆಗಬೇಕು. ಹೆಂಗಸರು ತಮ್ಮ ತಮ್ಮ ಸಾಮಾನು ತಂದು, ತಾವೇ ಕುಟ್ಟಿಕೊಂಡು ಹೋಗುತ್ತಾರೆ. ಬುಟ್ಟಿ ಹಿಡಿದು ಹೊಸ್ತಿಲಿಗೆ ಬಂದವರನ್ನು ಹಿಂದಕ್ಕೆ ಕಳಿಸುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ. ಅತ್ತೆ ಒಳ್ಳಿನ ಬಾಜೂ ಕೂತು, ಉಪ್ಪು ಸಾಲದು, ಬೆಳ್ಳುಳ್ಳಿ ಹೆಚ್ಚಾಯಿತು ಎಂದು ಹುಕುಂ ಕೊಡುತ್ತಿರುತ್ತಾರೆ. ಮಾವ ತೀರಿಕೊಂಡ ಮೇಲೆ ಅವರಿಗೆ ಉಳಿದಿರುವ ರಾಜ್ಯ ಅದೊಂದೇ.

ನಮ್ಮವರು ಆ ರಾಜ್ಯಕ್ಕೇ ಕೈಹಾಕಿದರು. "ಆ ಒಳ್ಳ ಕೀಳಿಸಿ ಫರಸಿ ಹಾಕಸ್ತೇನಿ. ಪಡಸಾಲ್ಯಾಗ ಒಂದ ಕುರ್ಚಿ ಇಡಾಕ ಜಾಗಾ ಇಲ್ಲ" ಎಂದು, ಸೋಮವಾರ ಮುಂಜಾನೆ ಹಾರೆ ಹಿಡಿದು ಬರಲು ಕಲ್ಲುಗೆಲಸದ ಗೌಂಡಿಗೆ ಹೇಳಿಯೂ ಬಂದರು.

ಅತ್ತೆಯ ಮುಖ ಸಣ್ಣದಾಯಿತು. "ಕೀಳಸಪಾ. ನಿನ್ನ ಮನಿ, ನಿನ್ನ ನೆಲ" ಎಂದರು. ಅವತ್ತು ಊಟಕ್ಕೆ ಕೂತವರು ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದರು.

ನೀನೇನು ಮಾಡಿದೆ ಅನ್ನುತ್ತೀರಾ? ಸುಮ್ಮನೆ ಕೂತಿದ್ದೆ. ನಾನು ಕನ್ನಡ ಶಾಲೆಯ ಮಾಸ್ತರಿಣಿ. ಹಗಲೆಲ್ಲ ಹುಡುಗರ ಮುಂದೆ ಒದರಿ, ಮನೆಗೆ ಬಂದು ಒನಕೆ ಹಿಡಿಯುವವಳು. ಅತ್ತೆಯ ಮುಖ ನೋಡಿ ಕರುಳು ಚುರುಕ್ ಅಂದದ್ದು ನಿಜ. ಆದರೆ ಅಂಗೈಯ ಬೊಬ್ಬೆಯೂ ನಿಜವಲ್ಲವೇ?

ಅಷ್ಟರಲ್ಲಿ ಮೂಡಲಗಿಯಿಂದ ನಾದಿನಿ ತಮ್ಮ ಹೊಲದ ಹಣ್ಣು ಮೆಣಸಿನಕಾಯಿ ಕಳಿಸಿದಳು. ಕೆಂಪಗೆ, ರಸ ತುಂಬಿಕೊಂಡು, ನೋಡಿದರೇ ಬಾಯಲ್ಲಿ ನೀರು. ಅದಕ್ಕೆ ಉಪ್ಪು, ಬೆಳ್ಳುಳ್ಳಿ, ಮೆಂತ್ಯ, ಲಿಂಬೆಹಣ್ಣಿನ ರಸ ಸೇರಿಸಿ ಅರೆದು ಭರಣಿಗೆ ತುಂಬಿದರೆ ರಂಜಕ. ಬಿಸಿ ರೊಟ್ಟಿಯ ಮೇಲೆ ಇಷ್ಟು ರಂಜಕ, ಇಷ್ಟು ಎಣ್ಣೆ. ಇರಲಿ, ನನ್ನ ಕಥೆ ದಾರಿ ತಪ್ಪುತ್ತಿದೆ.

ಶನಿವಾರ ಸಂಜೆ ನಮ್ಮವರು ನನ್ನ ಟೇಬಲ್ಲಿನ ಮೇಲಿದ್ದ ಪುಸ್ತಕಗಳನ್ನೆಲ್ಲ ನೆಲಕ್ಕಿಳಿಸಿ ಮಶೀನು ಬಿಗಿದರು. ತೋಳು ಮಡಚಿದರು. ಒಂದು ಬುಟ್ಟಿ ಮೆಣಸಿನಕಾಯಿ ನೋಡನೋಡುತ್ತಿದ್ದಂತೆ ರಂಜಕವಾಗಿ ಹೊರಬಿತ್ತು. ಸುಳ್ಳೇಕೆ ಹೇಳಲಿ, ನುಣ್ಣಗೇ ಆಗಿತ್ತು.

"ನೋಡಬೇ ಯವ್ವಾ!" ಎಂದು ನಮ್ಮವರು ಎದೆಯುಬ್ಬಿಸಿದರು.

ಅತ್ತೆ ಬೆರಳಿಂದ ತೆಗೆದು ನಾಲಿಗೆಗೆ ಹಚ್ಚಿಕೊಂಡರು. "ಭಾಳ ಛಲೋ ಆಗೇತಿ" ಎಂದರು. ಆಮೇಲೆ ಬಾಗಿಲಲ್ಲಿ ಇಣುಕುತ್ತಿದ್ದ ಎದುರುಮನೆಯ ಗಂಗವ್ವನಿಗೆ, "ಗಂಗವ್ವಾ, ಈ ವರ್ಷ ನೀವ್ಯಾರೂ ಕುಟ್ಟೂದು ಬ್ಯಾಡ. ನಾಳೆ ಮೆಣಸಿನಕಾಯಿ ತಗೊಂಡ ಬರ್ರಿ, ನನ್ನ ಮಗಾ ತಿರುವಿ ಕೊಡ್ತಾನ. ಓಣ್ಯಾಗ ಎಲ್ಲಾರಿಗೂ ಹೇಳಿಬಿಡು" ಎಂದರು.

ಇಷ್ಟು ಹೇಳುವಾಗ ಅತ್ತೆಯ ಮುಖದ ಮೇಲಿದ್ದ ಸಂತೋಷ ನೋಡಿ ನನಗೆ ಆಗಲೇ ಸಂಶಯ ಬಂತು. ನಮ್ಮವರಿಗೆ ಬರಲಿಲ್ಲ. "ಹೂಂ, ಬರಲಿ ಬರಲಿ" ಎಂದುಬಿಟ್ಟರು.

ರವಿವಾರ ಚಹಾ ಕುಡಿಯುವಷ್ಟರಲ್ಲಿ ಪಡಸಾಲೆ ತುಂಬ ಬುಟ್ಟಿಗಳು.

ನಾನು ಹ್ಯಾಂಡಲ್ಲಿಗೆ ಕೈಹಾಕಿದೆ. ಗಂಗವ್ವ ತಡೆದಳು. "ಬ್ಯಾಡ್ರಿ ಅಕ್ಕೋರ. ಮಶೀನ ಅಂದ್ರ ಗಂಡಸರ ಕೆಲಸ. ನಮಗೇನ ತಿಳೀತೈತ್ರಿ ಅದರಾಗ?"

"ಖರೆ ಐತಿ. ಇದರಾಗ ಟೆಕ್ನಿಕ್ ಐತಿ" ಎಂದರು ನಮ್ಮವರು. (ಆಳೆತ್ತರದ ಒನಕೆ ಎತ್ತಿ ಹಾಕುವ ಗಂಗವ್ವನಿಗೆ ಗೇಣುದ್ದದ ಹ್ಯಾಂಡಲ್ ತಿರುವಲು ಬರುವುದಿಲ್ಲವಂತೆ! ನಾನು ತೆಪ್ಪಗೆ ಹೋಗಿ ಬೆಳ್ಳುಳ್ಳಿ ಸುಲಿಯುತ್ತ ಕೂತೆ. ಸುಖವಾಗಿತ್ತು.)

ಮೊದಲ ಬುಟ್ಟಿಗೆ ನಮ್ಮವರು ಹಾಡು ಗುನುಗಿದರು. ಎರಡನೆಯದಕ್ಕೆ ಖಾರದ ಘಾಟಿಗೆ ಕಣ್ಣೀರು ಸುರಿಸಿ, ಮೂಗು ಒರೆಸಿಕೊಳ್ಳುತ್ತಲೇ ಪಂಚವಾರ್ಷಿಕ ಯೋಜನೆಯನ್ನು ಹೊಗಳಿ ಭಾಷಣ ಮಾಡಿದರು. ಮೂರನೆಯದಕ್ಕೆ ಹಾಡೂ ಇಲ್ಲ, ಭಾಷಣವೂ ಇಲ್ಲ, ಬರೀ ಉಸಿರು. ತಿರುವಿದಂತೆಲ್ಲ ಟೇಬಲ್ ಗೋಡೆಯ ಕಡೆ ಸರಿಯುತ್ತಿತ್ತು, ಟೇಬಲ್ಲಿನ ಹಿಂದೆ ಇವರೂ ಸರಿಯುತ್ತಿದ್ದರು. ಮೆಣಸಿನ ಬೀಜ ಸಿಕ್ಕಿಕೊಂಡು ಮಶೀನು ಗಕ್ಕನೆ ನಿಂತಿತು. ಇವರು ಜೋರು ಮಾಡಿ ತಿರುವಿದರು. ಪಿಚಕ್ ಎಂದು ಖಾರದ ರಸ ಹಾರಿ ನೇರವಾಗಿ ಕಣ್ಣಿಗೆ!

ಕಣ್ಣಿಗೆ ಖಾರ ಬಿದ್ದರೆ ಏನು ಮಾಡಬಾರದು? ಖಾರದ ಕೈಯಿಂದ ಕಣ್ಣು ತಿಕ್ಕಬಾರದು. ಇಷ್ಟು ನಮ್ಮ ಓಣಿಯ ಕೂಸುಗಳಿಗೂ ಗೊತ್ತು. ಆದರೆ ಜನ್ಮದಲ್ಲಿ ಖಾರ ಮುಟ್ಟದ ಗಂಡಸಿಗೆ ಹೇಗೆ ಗೊತ್ತಾಗಬೇಕು? ಎರಡೂ ಕೈಯಿಂದ, ಎರಡೂ ಕಣ್ಣು, ಚೆನ್ನಾಗಿ ತಿಕ್ಕಿಕೊಂಡರು.

"ಯವ್ವಾ, ಸತ್ತೆ!" ಎಂದು ಕುಣಿದ ಕುಣಿತಕ್ಕೆ ಪಡಸಾಲೆ ಸಾಲಲಿಲ್ಲ. ಒಬ್ಬಳು ಮಜ್ಜಿಗೆ ತಂದಳು, ಒಬ್ಬಳು ತುಪ್ಪ ತಂದಳು. ತಣ್ಣೀರು ಹಾಕಿಸಿಕೊಂಡು, ಕೆಂಪು ಕಣ್ಣು ಬಿಟ್ಟು ಮೇಲೆದ್ದರೆ ಗಂಗವ್ವ ಬಹಳ ಕಾಳಜಿಯಿಂದ ಹೇಳಿದಳು: "ಸಾವಕಾಶ ತಿರುವ್ರಿ ಅಣ್ಣಾರ, ಗಡಿಬಿಡಿ ಏನಿಲ್ಲ. ಇನ್ನೂ ಅರ್ಧ ಓಣಿ ಐತಿ."

ಒಲ್ಲೆ ಎನ್ನುವ ಹಾಗಿಲ್ಲ. ಹೊಸ್ತಿಲಿಗೆ ಬಂದ ಬುಟ್ಟಿಯನ್ನು ಹಿಂದಕ್ಕೆ ಕಳಿಸಿದರೆ ಮನೆತನದ ಮರ್ಯಾದೆ ಏನಾಗಬೇಕು? ದೀಪ ಹಚ್ಚುವ ಹೊತ್ತಿಗೆ ಕೊನೆಯ ಬುಟ್ಟಿ ಮುಗಿಯಿತು. ಇವರೂ ಮುಗಿದಿದ್ದರು. ಬಲಗೈ ಎತ್ತಿದರೆ ಏಳುತ್ತಿಲ್ಲ. ರೊಟ್ಟಿ ಮುರಿದು ನಾನೇ ಬಾಯಿಗಿಟ್ಟೆ.

ಸೋಮವಾರ ಮುಂಜಾನೆ ಗೌಂಡಿ ಹಾರೆ ಸಮೇತ ಹಾಜರ್. "ಕೀಳ್ಲೇನ್ರಿ ಸಾಹೇಬ್ರ?"

ನಮ್ಮವರು ಹಾಸಿಗೆಯಿಂದಲೇ ಕೂಗಿದರು. "ಬ್ಯಾಡೋ ಮಾರಾಯಾ! ಆ ಕಲ್ಲು ಮುಟ್ಟಿದಿ ಅಂದ್ರ ನೋಡು!"

ಅತ್ತೆ ಗೌಂಡಿಗೆ ಚಹಾ ಕೊಟ್ಟು, ಒಳ್ಳಿನೊಳಗಿನ ಧೂಳು ಸೆರಗಿನಿಂದ ಒರೆಸಿದರು. ಆ ಮುಖ ನೋಡಿ ನನಗೂ ಹಿಗ್ಗಾಯಿತು. ಮಶೀನು ಅಟ್ಟ ಹತ್ತಿತು.

ಇಲ್ಲಿಗೆ ಮುಗಿಸಿದ್ದರೆ ನಾನು ಇಷ್ಟೆಲ್ಲ ಬರೆಯುತ್ತಿರಲಿಲ್ಲ. ಅಸಲು ತಮಾಷೆ ಆಮೇಲಿನದು. ನಮ್ಮವರು ಕಚೇರಿಗೆ ರಜೆ ಹಾಕಿದರು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಸಮಾಚಾರ ಕೇಳಲು ಬಂದರು. "ಪಾಪ, ಎಷ್ಟ ದಣದಾರ ನೋಡ್ರಿ!" "ಒಂದ ದಿನದಾಗ ಸೊರಗಿ ಹೋಗ್ಯಾರ!" ಗಂಗವ್ವ ಶುಂಠಿ ಕಷಾಯ ಮಾಡಿ ತಂದಳು. ಅತ್ತೆ ಎಣ್ಣೆ ಬಿಸಿ ಮಾಡಿ ಮಗನ ತೋಳು ತಿಕ್ಕುತ್ತ ಕೂತರು. ಈ ಉಪಚಾರದ ನಡುವೆ ನಮ್ಮವರು ನರಳಿದರು: "ಯವ್ವಾ, ಸಾವಕಾಶ ತಿಕ್ಕಬೇ. ನಿನ್ನ ಕೈ ಭಾಳ ಬಿರಸ ಅದಾವು."

ನನಗೆ ಸಿಟ್ಟು ನೆತ್ತಿಗೇರಿತು. "ಅಲ್ರಿ, ಅತ್ತಿಯಾರ ಕೈ ಯಾಕ ಬಿರಸ ಆದೂ ಅಂತ ಎಂದಾದ್ರೂ ಕೇಳೀರೇನು? ಜನ್ಮ ಪೂರ್ತಿ ಕುಟ್ಟ್ಯಾರ. ಅವರ ತೋಳಿಗೆ ಯಾರು ಎಣ್ಣಿ ಹಚ್ಯಾರ?"

ನಮ್ಮವರು ಕಣ್ಣು ಮುಚ್ಚಿಕೊಂಡೇ ಹೇಳಿದರು. "ಅವ್ವಗ ಏನಾಗ್ತೈತಿ? ಅಕಿಗೆ ರೂಢಿ ಐತಿ."

"ಹೌದ ಮತ್ತ, ನಮಗ ರೂಢಿ ಐತಿ" ಎಂದು ಅತ್ತೆಯೂ ತಲೆಯಾಡಿಸಿ ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡರು.

ಈ ರೂಢಿ ಎಂಬ ಎಣ್ಣೆ ಗಂಡಸರ ತೋಳಿಗೂ ಹಚ್ಚುವಂಥದ್ದು ಯಾವ ಅಂಗಡಿಯಲ್ಲಿ ಸಿಗುತ್ತದೆ, ನಿಮಗೇನಾದರೂ ಗೊತ್ತೇ?