ಆಸಾಡಿ ಕಳೆಯಲಿ ಎಂದ ಸುಧೀರ

ಬ್ರಹ್ಮಾವರ ಬಸ್ ನಿಲ್ದಾಣದ ಹಿಂದೆ ಸ್ಟುಡಿಯೋ ಇಟ್ಟಿರುವ ಸುಧೀರನನ್ನು ಕೆಟ್ಟವನೆಂದು ಯಾರೂ ಹೇಳಲಾರರು. ಸುತ್ತಲಿನ ಮದುವೆಗಳಿಗೆಲ್ಲ ಅವನದೇ ಕ್ಯಾಮೆರಾ. ಉಣ್ಣುವವರ ಬಾಯಿಗೆ ಕ್ಯಾಮೆರಾ ಹಿಡಿಯದಷ್ಟು ಮರ್ಯಾದಸ್ಥ. ದೋಷ ಒಂದೇ, ಎಲ್ಲದಕ್ಕೂ ‘ನಾಳೆ ಮಾಡಿದರಾಯಿತು’. ಅದಕ್ಕೆ ಮಳೆಗಾಲದ, ಹೊಸದೇನನ್ನೂ ತೊಡಗದ ಆಸಾಡಿ ತಿಂಗಳ ನೆಪವೂ ಸಿಕ್ಕಿಬಿಟ್ಟರೆ ಕೇಳಬೇಕೇ!

ಮದುವೆಗಳ ಮೂಲ ರೆಕಾರ್ಡಿಂಗೆಲ್ಲ ಒಳಕೋಣೆಯ ಲಿನಕ್ಸ್ ಸರ್ವರ್ ಕಂಪ್ಯೂಟರಿನಲ್ಲಿರುತ್ತಿತ್ತು. ಆಸಾಡಿ ಹುಟ್ಟಿದ ವಾರವೇ ಅದು ಡಿಸ್ಕ್ ಹಾಳಾಗುತ್ತಿದೆ ಎಂದು ಎಚ್ಚರಿಸತೊಡಗಿತು. ಹೊಸ ಡಿಸ್ಕ್ ತಂದು ನಕಲು ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಆಸಾಡಿಯಲ್ಲಿ ಹೊಸ ವಸ್ತು ತರುವುದುಂಟೇ? ಇದು ಕಳೆದು ಸೋಣೆ ತಿಂಗಳು ಬರಲಿ ಎಂದುಕೊಂಡು ಪರದೆಯ ಎಚ್ಚರಿಕೆಯನ್ನು ಮುಚ್ಚಿದ.

ಅದೇ ವಾರ ಸರೋಜಕ್ಕ ಬಂದಳು. ಮೀನು ಮಾರುವ ಸರೋಜಕ್ಕನ ಗಂಡ ಪಾಂಡು ಬೇಸಿಗೆಯಲ್ಲಿ ಎದೆನೋವು ಬಂದು ತೀರಿಕೊಂಡಿದ್ದ. ಮಾತೇ ಆಡದ ಮನುಷ್ಯ, ಮಗಳು ನವ್ಯಶ್ರೀಯ ಮದುವೆಯಲ್ಲಿ ಮಾತ್ರ ತಾನಾಗಿ ಮೈಕು ಕೇಳಿ ನಾಲ್ಕು ಮಾತಾಡಿದ್ದ. ಸುಧೀರ ಮಾಡಿಕೊಟ್ಟ ವಿಡಿಯೋದಲ್ಲಿ ಆ ಮಾತಿನ ಮೇಲೆ ಸಿನಿಮಾ ಹಾಡು ಕೂತಿತ್ತು.

“ಅವ್ರ್ ಬಾಯಿ ಆಡುದ್ ಕಾಂತ್, ಸ್ವರ ಇಲ್ಲ. ಆ ಹಾಡ್ ತೆಗ್ದ್ ಕೊಡ್ ಮಗಾ. ಮಗ್ಳ್ ಬಸ್ರಿ, ಅಪ್ಪನ್ ಸ್ವರ ಕೇಣ್ಕ್ ಅಂತ್ಳ್.”

“ಆಸಾಡಿ ಕಳೀಲಿ ಸರೋಜಕ್ಕ. ಸೋಣೆ ಬಂದ್ಕೂಡ್ಲೆ ಚೆಂದ ಮಾಡಿ ಕೊಡ್ತೆ.”

ಅಂದು ಹಾಡು ಸೇರದ ಮೂಲ ಫೈಲು ಸರ್ವರಿನಲ್ಲಿ ಸರಿಯಾಗಿಯೇ ಇತ್ತು. ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಸರೋಜಕ್ಕ ಕೊಡೆ ಬಿಡಿಸಿಕೊಂಡು ಮಳೆಗಿಳಿದಳು.

ಆಸಾಡಿ ಮುಗಿಯುವ ಮೊದಲೇ ಸರ್ವರ್ ಹೊಸದೇನನ್ನೂ ಉಳಿಸಿಕೊಳ್ಳದೆ ಹಠ ಹಿಡಿಯಿತು. ಇರುವುದನ್ನು ಓದಲು ಮಾತ್ರ ಬಿಡುತ್ತಿತ್ತು. ಆಗಲಾದರೂ ಓದಲು ಸಿಕ್ಕಿದ್ದನ್ನು ಬೇರೆ ಕಡೆ ಇಳಿಸಿಕೊಳ್ಳಬೇಡವೇ? ಪುಣ್ಯಾತ್ಮ, ಸೋಣೆಯವರೆಗೆ ಹಳೆಯದರಲ್ಲೇ ದಬ್ಬೋಣ ಎಂದು ರಿಪೇರಿಯ ಆಜ್ಞೆ ಕೊಟ್ಟ. ‘ಸರಿಪಡಿಸಲೇ?’ ಎಂದು ಅದು ಕೇಳಿದ್ದಕ್ಕೆಲ್ಲ ಓದದೆ ಹೂಂ, ಹೂಂ ಎಂದು ಒತ್ತಿದ. ಸಾಯಲು ಬಿದ್ದಿದ್ದ ಡಿಸ್ಕು ಟಕ್ ಟಕ್ ಎಂದಿತು. ಕೊನೆಗೆ ಉಳಿದದ್ದು ಹೆಸರಿನ ಬದಲು ಬರೀ ಅಂಕಿಗಳಿದ್ದ ಒಂದಷ್ಟು ಫೈಲಿನ ತುಣುಕು. ನವ್ಯಶ್ರೀಯ ಮದುವೆ ಅದರಲ್ಲಿರಲಿಲ್ಲ.

ಮಂಗಳೂರಿನಲ್ಲಿ ಹಾಳಾದ ಡಿಸ್ಕುಗಳಿಂದ ಫೈಲು ತೆಗೆದುಕೊಡುವ ಗೆಳೆಯ ಅನೀಶ್ ಫೋನಿನಲ್ಲೇ ಬೈದ. “ಮೊದ್ಲ್ ಇಡೀ ಡಿಸ್ಕಿಂದ್ ನಕಲ್ ತೆಗ್ದ್, ಆ ನಕಲನ್ನ ರಿಪೇರಿ ಮಾಡುದಲ್ದಾ ಮಾರಾಯ? ಆಸಾಡಿ ಅಂದ್ರೆ ಡಿಸ್ಕ್ ಕೇಣತ್ತಾ?” ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಸುಧೀರ ಡಿಸ್ಕನ್ನು ಅನೀಶನಿಗೆ ಕಳಿಸಿಯೂ ನೋಡಿದ. ಏನೂ ಸಿಗಲಿಲ್ಲ.

ಸೋಣೆ ಬಂತು, ಸರೋಜಕ್ಕನೂ ಬಂದಳು. ದೋಣಿಗಳು ಮತ್ತೆ ಕಡಲಿಗಿಳಿದಿದ್ದವು, ಅವನಿಗೆಂದು ನಾಲ್ಕು ಬಂಗುಡೆ ಕಟ್ಟಿ ತಂದಿದ್ದಳು. ಸುಧೀರನಿಗೆ ತಲೆ ಎತ್ತಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ, “ತಪ್ಪಾಯ್ತ್ ಸರೋಜಕ್ಕ” ಎಂದ.

ಅವಳು ಸ್ಟೂಲಿನ ಮೇಲೆ ಕೂತಳು. “ಆಸಾಡಿ ತಿಂಗ್ಳಗ್ ನಾವೂ ಹೊಸತ್ ಎಂತದೂ ತಕಣುದಿಲ್ಲ ಬಿಡ್” ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಮೇಲೆ ಏನೋ ಹೊಳೆದವಳಂತೆ ಮುಂದೆ ಬಾಗಿದಳು. “ಅಂದ್ ನಾನ್ ಅಡ್ಗಿ ಬದಿಗಿದ್ದೆ, ಮಗ್ಳ್ ಕಣ್ಣೀರ್ ಹಾಯ್ಕಂಡ್ ಮರ್ಕ್ತಿದ್ಳ್. ಯಾರೂ ಸಮಾ ಕೇಣ್ಲಿಲ್ಲ. ನೀನ್ ಎದ್ರಿಗೇ ಇದ್ದಿದ್ಯಲ್ದಾ, ಕೆಮಿಗೆ ಅದನ್ನ್ ಹಾಯ್ಕಂಡ್? ಎಂತ ಹೇಳ್ರ್ ಅವ್ರ್? ನೀನೇ ಹೇಳ್, ಕಾಂಬ.”

ಸುಧೀರ ಬಾಯಿ ತೆರೆದ. ಪಾಂಡುವಿನ ಒಂದೊಂದು ಮಾತೂ ಹೆಡ್‌ಫೋನಿನಲ್ಲಿ ಅವನ ಕಿವಿಗೇ ಬಿದ್ದಿತ್ತು. ಆದರೆ ಅಂದು ಅವನು ಗಮನಿಸಿದ್ದು ಸ್ವರ ಏರಿತೇ ಇಳಿಯಿತೇ ಎಂಬುದನ್ನಷ್ಟೇ. ಹೇಗೂ ಸರ್ವರಿನಲ್ಲಿರುತ್ತದಲ್ಲ ಎಂದು ಒಂದು ಮಾತನ್ನೂ ಮನಸ್ಸಿಗೆ ತೆಗೆದುಕೊಂಡಿರಲಿಲ್ಲ.

ಸರೋಜಕ್ಕ ಅವನ ಬಾಯಿಯನ್ನೇ ನೋಡುತ್ತ ಕೂತಿದ್ದಳು.